ನಮ್ಮ ಮೆಟ್ಟಿಲಿನ ದಪ್ಪ ಕಂಬಿಯ ವಿಚಾರ

ಈರಿ ಸರೋವರದ ಹಿಮಗಾಳಿಗೂ ಜಗ್ಗದೆ ನಮ್ಮ ಬೀದಿಯ ಮನೆಗಳ ಯೋಗಕ್ಷೇಮ ವಿಚಾರಿಸುವ ನಗರ ಕಟ್ಟಡ ತನಿಖಾಧಿಕಾರಿ ಶ್ರೀ ಹಾಲಿಸ್ಟರ್ ಅವರ ಸನ್ನಿಧಿಗೆ, ಹಸಿರು ಬಾಗಿಲಿನ ಮನೆಯ ಡೋಲೊರೆಸ್ ಪಾವ್ಲಾಕ್ ನಡುಗುತ್ತಾ ಮಾಡುವ ವಂದನೆಗಳು.

ಮಾನ್ಯರೇ,

ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬೇಕರಿ ಸೇರಿದವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ಅದಕ್ಕೂ ಒಂದು ನೋಟಿಸು ಕಳಿಸಬೇಡಿ, ಯಾಕೆಂದರೆ ತಮ್ಮ ಲಕೋಟೆ ಕಂಡರೆ ಸಾಕು, ನನಗೆ ಅವತ್ತು ಊಟ ಸೇರುವುದಿಲ್ಲ. ಮೊದಲನೇ ನೋಟಿಸಿನಲ್ಲಿ ತಾವು, ನಮ್ಮ ಮುಂಬಾಗಿಲ ಮೆಟ್ಟಿಲಿನ ಕೈಕಂಬಿ ನಿಯಮಕ್ಕಿಂತ ದಪ್ಪವಾಗಿದೆ, ಅಂಗೈ ಅದನ್ನು ಪೂರ್ತಿ ಸುತ್ತಲಾರದು, ತುದಿ ಗೋಡೆಯತ್ತ ಬಾಗಿಲ್ಲವಾದ್ದರಿಂದ ಹೋಗಿಬರುವವರ ಅಂಗಿಯ ತೋಳು ಸಿಕ್ಕಿಕೊಳ್ಳಬಹುದು, ಸರಿಪಡಿಸದಿದ್ದರೆ ವಸತಿ ನ್ಯಾಯಾಲಯಕ್ಕೆ ಬರಬೇಕಾದೀತು ಎಂದು ತಿಳಿಸಿದಿರಿ. ಉಕ್ಕಿನ ಕಾರ್ಖಾನೆಯಲ್ಲಿದ್ದ ನಮ್ಮಪ್ಪ ಅಲ್ಲಿ ಬೇಡವೆಂದು ಎಸೆದ ಕೊಳವೆಯಿಂದ ಮಾಡಿದ ಆ ಕಂಬಿಗೆ ಇಷ್ಟೊಂದು ದುರ್ಗುಣಗಳಿದ್ದವೆಂಬುದು ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ.

ತೆಗೆಸಿಬಿಡೋಣವೆಂದರೆ ಮನೆಯಲ್ಲಿ ದೊಡ್ಡಮ್ಮ ಹೆಡ್ವಿಗ್ ಇದ್ದಾರೆ. ಸೊಂಟ ಕೈಕೊಟ್ಟ ಮೇಲೆ ಅವರು ಹೊರಗೆ ಹೋಗುವುದು ವಾರಕ್ಕೊಮ್ಮೆ, ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಕರಿದ ಮೀನಿನ ಊಟಕ್ಕೆ, ಅದೂ ಈ ಕಂಬಿಯನ್ನು ಕಂಕುಳಲ್ಲಿ ಅವುಚಿಕೊಂಡು. "ನಿಮ್ಮಪ್ಪನ ಕಂಬಿ ತೆಗೆದ್ರೆ ನಾನು ಇಳಿಯೋದು ಒಂದೇ ಸಲ ಕಣೇ, ಪೆಟ್ಟಿಗೇಲಿ ಮಲಗಿಸಿ ನಾಲ್ಕು ಜನ ಇಳಿಸ್ತಾರಲ್ಲ, ಅವತ್ತು," ಎಂದುಬಿಟ್ಟರು. ನನ್ನ ಪ್ರಾಣಸಂಕಟ ತಮಗೆ ಅರ್ಥವಾಗುತ್ತದೆಂದು ನಂಬಿದ್ದೇನೆ.

ಆದ್ದರಿಂದ ನನ್ನ ತಮ್ಮ ಯೂಜೀನನನ್ನು ಕರೆಸಿದೆ. "ಇಷ್ಟಕ್ಕೆಲ್ಲ ಅಳ್ತಾರೇನಕ್ಕಾ? ತುದಿ ಬಗ್ಗಿಸಿ ಬೆಸುಗೆ ಹಾಕ್ತೀನಿ, ಒಂದು ಬಿಯರ್ ಕೊಡು ಸಾಕು," ಎಂದ, ಹಾಕಿದ, ಪರವಾನಗಿ ಇಲ್ಲದೆ ದುರಸ್ತಿ ಮಾಡಿದ್ದಕ್ಕೆ ಎರಡನೇ ನೋಟಿಸು ಬಂತು. ತಪ್ಪನ್ನು ತಿದ್ದುವುದೂ ಒಂದು ತಪ್ಪಾಗಬಲ್ಲದೆಂದು ಕಲಿಸಿಕೊಟ್ಟ ತಮಗೆ ನಾನು ಋಣಿ. ಶಾಲೆಯಲ್ಲಿ ಯಾರೂ ಇಷ್ಟು ಆಳವಾಗಿ ಪಾಠ ಹೇಳಿರಲಿಲ್ಲ.

ಆಮೇಲೆ ರಾತ್ರಿ ನಿದ್ದೆಗೆಟ್ಟು ನಿಯಮಗಳನ್ನು ಬೆರಳಿಟ್ಟು ಓದಿದೆ. ನಾಲ್ಕು ಮೆಟ್ಟಿಲಿದ್ದರೆ ಕಂಬಿ ಕಡ್ಡಾಯ, ಮೂರೇ ಇದ್ದರೆ ಬೇಕಿಲ್ಲ ಎಂದಿತ್ತು. ನಮ್ಮದು ನಾಲ್ಕು. ಬೇಕಿಲ್ಲದ ಕಂಬಿ ಬರೀ ಅಲಂಕಾರವಾದೀತು, ಅಲಂಕಾರಕ್ಕೆ ದಪ್ಪವೆಷ್ಟೆಂದು ಯಾರು ಕೇಳುತ್ತಾರೆ ಎಂದುಕೊಂಡು, ಮಣ್ಣು ತರಿಸಿ ಕೊನೆಯ ಮೆಟ್ಟಿಲನ್ನು ಹೂತುಬಿಟ್ಟೆ. ಮಣ್ಣು ಮರದ ಗೋಡೆಗೆ ತಾಗಿ ಗೋಡೆ ಕೊಳೆಯುತ್ತದೆಂದು ಮೂರನೇ ನೋಟಿಸು ಬಂತು. ಅದೇ ಮಣ್ಣನ್ನು ಅಳುತ್ತಲೇ ತೋಡಿ ಹಾಕಿದೆ.

ಈಗ ಕಳೆದ ವಾರದ ಸಂಗತಿ. ಹಿಮದ ನಡುವೆಯೂ ತಾವು ಮರುಪರಿಶೀಲನೆಗೆ ಬಂದಿರಿ, ಕಂಬಿಯನ್ನು ಅಳೆದಿರಿ, "ನೋಡಿ ಮೇಡಂ, ಇದು ಇದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದು ತಿರುಗಿದಿರಿ, ಮೇಲಿನ ಮೆಟ್ಟಿಲಿನಲ್ಲೇ ಜಾರಿದಿರಿ, ಎರಡೂ ಕೈಗಳಿಂದ ಅದೇ ಕಂಬಿಯನ್ನು ತಬ್ಬಿಕೊಂಡು ನಿಂತಿರಿ. ಕಿಟಕಿಯಲ್ಲಿದ್ದ ದೊಡ್ಡಮ್ಮ, "ಬಿಡ್ಬೇಡಪ್ಪಾ, ಹಾಗೇ ಹಿಡ್ಕೋ! ನಾನೂ ಹಿಂಗೇ ಇಳಿಯೋದು!" ಎಂದು ಕೂಗಿದ್ದು ಅವಮಾನ ಮಾಡಲಿಕ್ಕಲ್ಲ, ಅನುಭವಸ್ಥರ ಸಲಹೆ ಅಷ್ಟೆ.

ಆದಕಾರಣ ನನ್ನ ವಿನಂತಿ ಇಷ್ಟು. ಒಂದೋ, ನಗರದ ವತಿಯಿಂದ ದೊಡ್ಡಮ್ಮನಿಗೆ ಈ ಕಂಬಿಯನ್ನು ಪೂರ್ತಿ ಸುತ್ತಬಲ್ಲ ಅಂಗೈಗಳನ್ನು ಮಂಜೂರು ಮಾಡಬೇಕು. ಅಥವಾ ಪರವಾನಗಿಯಿಲ್ಲದೆ ನಮ್ಮ ಮೆಟ್ಟಿಲ ಮೇಲೆ ಬೀಳುವ ಹಿಮಕ್ಕೊಂದು ನೋಟಿಸು ಕೊಡಬೇಕು. ಎರಡೂ ಆಗದಿದ್ದರೆ, ಯೂಜೀನ್ ಈ ಸಲ ಪರವಾನಗಿಗೆ ಸಾಲಿನಲ್ಲಿ ನಿಂತು, ಎಡಗಡೆ ಸಪೂರವಾದ, ತುದಿ ಬಾಗಿದ, ಕಾನೂನಿನ ಕಂಬಿಯೊಂದನ್ನು ಹಾಕುತ್ತಾನೆ, ಬಲಗಡೆಯ ಹಳೆಯದನ್ನು ಹಾಗೇ ಇರಲು ಬಿಡಬೇಕು. ಮುಂದಿನ ಸಲ ಜಾರುವಾಗ ಯಾವುದನ್ನು ಹಿಡಿಯಬೇಕೆಂಬುದನ್ನು ತಮ್ಮ ವಿವೇಚನೆಗೇ ಬಿಟ್ಟಿದ್ದೇನೆ.

ಇನ್ನೂ ದಂಡ ತೆರದ, ಇನ್ನೂ ನಿದ್ದೆ ಬಾರದ,
ತಮ್ಮ ವಿಶ್ವಾಸಿ,
ಡೋಲೊರೆಸ್ ಪಾವ್ಲಾಕ್

ತಾ.ಕ.: ಅವತ್ತು ತಾವು ಹೊರಟ ಅವಸರದಲ್ಲಿ ತಮ್ಮ ಬಲಗೈಯ ಗವಸು ಕಂಬಿಗೇ ಹೆಪ್ಪುಗಟ್ಟಿ ಉಳಿದಿದೆ. ಬಿಡಿಸಿ ಕಳಿಸೋಣವೆಂದು ಹೋದೆ, ಆದರೆ ಕಂಬಿಯ ಮೇಲೆ ಮತ್ತೆ ಪರವಾನಗಿ ಇಲ್ಲದೆ ಕೈಯಿಟ್ಟಂತಾದೀತೆಂದು ಹೆದರಿ ಹಿಂದಿರುಗಿದೆ. ಶುಕ್ರವಾರ ದೊಡ್ಡಮ್ಮ ಅದರ ಮೇಲೇ ಕೈಯಿಟ್ಟು ಇಳಿದರು. ಹಿಡಿತ ಬಹಳ ಚೆನ್ನಾಗಿದೆಯಂತೆ, ಎಡಗೈಯದ್ದನ್ನೂ ಕಳಿಸಿಕೊಡಬೇಕಂತೆ.