ಹುಣಸೆ ಬೀಜದ ಗುಟ್ಟು

ಅಮರೇಶನ ಪಜೀತಿಗೆಲ್ಲ ಮೂಲ ಮನೆ ಓನರ್ ಗಂಗಲಕ್ಷ್ಮಮ್ಮನವರ ಮಿಕ್ಸಿ. ಕೆಂಗೇರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ಅವನು, ಬೋರ್‌ವೆಲ್ ನೀರಿನಿಂದ ಗೀಸರಿನೊಳಗೆ ಬಿಳಿ ಸುಣ್ಣ ಕಟ್ಟದಂತೆ ತಡೆಯುವ ಪುಡಿಯೊಂದನ್ನು ಕಂಡುಹಿಡಿದಿದ್ದ. ಅದನ್ನು ಪುಡಿ ಮಾಡಿದ್ದು ಅವರ ಮಿಕ್ಸಿಯಲ್ಲೇ.

ಪುಡಿ ಮಾರುವ ಕಂಪನಿ ತೆರೆಯಬೇಕೆಂಬುದು ಅವನ ಆಸೆ. ಅದಕ್ಕೆ ಪೇಟೆಂಟ್ ಬೇಕು. ಅರ್ಜಿ ಆ ದಿನ ಸಂಜೆಯೇ ಹೋಗುವುದಿತ್ತು. ಅದಕ್ಕೆ ಮೊದಲು ಪುಡಿಯಲ್ಲಿ ಏನಿದೆಯೆಂಬುದು ಎಲ್ಲೇ ಅಚ್ಚಾದರೂ ಪೇಟೆಂಟ್ ಆಸೆ ಬಿಡಬೇಕೆಂದು ವಕೀಲರು ಹೆದರಿಸಿದ್ದರು. ಪಾಪ, ಅವನು ಹೆಂಡತಿಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬೆಳಿಗ್ಗೆ ನಲ್ಲಿಯ ಹತ್ತಿರ ಗಂಗಲಕ್ಷ್ಮಮ್ಮ ಹೆಮ್ಮೆಯಿಂದ ಹೇಳಿದರು. "ನಮ್ ಕಾಂತರಾಜು ನಿಮ್ಗೆ ಅಂತ ಫ್ಲೆಕ್ಸ್ ಮಾಡಿಸವ್ನೆ ಮೇಷ್ಟ್ರೇ. ಹುಣಸೆ ಬೀಜ, ನುಗ್ಗೆ ಬೀಜ ಸಮಸಮ ಅಂತ ನಾನೇ ಹೇಳಿ ಬರೆಸ್ದೆ. ಮಿಕ್ಸಿ ತೊಳ್ದವ್ಳಿಗೆ ಗೊತ್ತಾಗಲ್ವಾ?"

ಅವರ ಮಗ ಕಾಂತರಾಜು ಕಾರ್ಪೊರೇಷನ್ ಚುನಾವಣೆಗೆ ನಿಲ್ಲಲು ತಯಾರಾಗಿದ್ದ ಆಸಾಮಿ. ಬೀದಿನಾಯಿ ಮರಿ ಹಾಕಿದರೂ ಅಭಿನಂದಿಸಿ ಫ್ಲೆಕ್ಸ್ ಕಟ್ಟಿಸುವ ಪೈಕಿ.

ಅಮರೇಶ ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು, ಬ್ರಷ್ಷು ಹಿಡಿದುಕೊಂಡೇ ಮಾರೇನಹಳ್ಳಿಯ ಫ್ಲೆಕ್ಸ್ ಅಂಗಡಿಗೆ ಓಡಿದ. ಮಾಲು ಆಗಲೇ ಆಟೋ ಹತ್ತಿ ಹೋಗಿತ್ತು. ವಿಜಯನಗರದ ಸರ್ಕಲ್ಲಿಗೆ ಬಂದರೆ ಕಾಂತರಾಜು ಎದುರು ನಿಂತು ಕಂಬಕ್ಕೆ ಏಣಿ ಹಾಕಿಸುತ್ತಿದ್ದ. ಪುಣ್ಯಕ್ಕೆ ಸುರುಳಿ ಬಿಚ್ಚಿರಲಿಲ್ಲ. ಜಾತ್ರೆಯಲ್ಲಿ ಕಳೆದ ಮಗು ಸಿಕ್ಕಂತೆ ಅದನ್ನು ಅಪ್ಪಿಕೊಂಡು ರಸ್ತೆಯಲ್ಲೇ ಕೂತುಬಿಟ್ಟ. ಇವನು ಎದುರು ಪಾರ್ಟಿಯವನೆಂದು ಕೆಲವರೂ, ತಲೆ ಕೆಟ್ಟವನೆಂದು ಮಿಕ್ಕವರೂ ತೀರ್ಮಾನಿಸಿದರು.

"ಅಣ್ಣಾ, ಎಷ್ಟ್ ಬೇಕಾದ್ರೂ ಹೊಗಳ್ರಿ. ಬೀಜದ ಹೆಸರು ಮಾತ್ರ ತಗೀರಿ," ಎಂದು ಕಾಂತರಾಜುವಿನ ಕೈ ಹಿಡಿದ.

ಕಾಂತರಾಜು ಒಪ್ಪಿದ, ಆದರೆ ಸುಮ್ಮನೆ ಒಪ್ಪಲಿಲ್ಲ. ಸಂಶೋಧನೆಗೆ ಪ್ರೇರಣೆ ತಾನೇ ಎಂದು ಹೊಸ ಫ್ಲೆಕ್ಸಿನಲ್ಲಿ ಬರೆಸಬೇಕು, ಚುನಾವಣೆವರೆಗೆ ವಾರ್ಡಿಗೆಲ್ಲ ಪುಡಿ ಪುಕ್ಕಟೆ ಹಂಚಬೇಕು ಎಂದ. ಅಮರೇಶ ಎಲ್ಲಕ್ಕೂ ತಲೆಯಾಡಿಸಿದ.

ಅರ್ಜಿಗೆ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥ ಲಿಂಗಪ್ಪನವರ ಸಹಿ ಹಾಕಿಸಲು ಮಧ್ಯಾಹ್ನ ಕಾಲೇಜಿಗೆ ಹೋದ. ಇವನು ವ್ಯಾಪಾರಕ್ಕೆ ಬಿದ್ದು ಸಂಶೋಧನೆ ಮರೆತನೆಂದು ವರ್ಷದಿಂದ ಗೊಣಗುತ್ತಿದ್ದ ಲಿಂಗಪ್ಪನವರು ಅಂದು ಮೈಸೂರು ಪಾಕಿನ ಡಬ್ಬಿ ಹಿಡಿದು ಬಾಗಿಲಲ್ಲೇ ಕಾದಿದ್ದರು.

"ನಮ್ ಪೇಪರ್ ಬಂತಲ್ರೀ. ಮೂರು ವರ್ಷದ ಹಿಂದೆ ಪ್ರಮೋಷನ್ನಿಗೆ ಅಂತ ಜರ್ನಲ್ಲಿಗೆ ಕಳಿಸಿದ್ರಲ್ಲ, ಅದೇ. ಹೋದ ತಿಂಗಳೇ ಅಚ್ಚಾಗಿದೆ."

ಅತ್ತಲಿಂದ ಉತ್ತರವೇ ಬಾರದೆ ಅಮರೇಶ ಅದನ್ನು ಮರೆತೇಬಿಟ್ಟಿದ್ದ. ಹುಣಸೆ ಬೀಜ, ನುಗ್ಗೆ ಬೀಜ ಎರಡೂ ತಲೆಬರಹದಲ್ಲೇ ದಪ್ಪಕ್ಷರದಲ್ಲಿ ಕೂತಿದ್ದವು. ಸಹಿಗೆಂದು ತಂದ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಪ್ರಮೋಷನ್ನಾದರೂ ಸಿಕ್ಕೀತೇ ಎಂದು ಮೆಲ್ಲಗೆ ಕೇಳಿದ. ಪೇಪರ್ ಕಳಿಸುವಾಗ ಮರ್ಯಾದೆಗೆಂದು ಮೊದಲ ಹೆಸರು ಲಿಂಗಪ್ಪನವರದೇ ಹಾಕಿದ್ದ.

"ಅದು ನನಗೇ ಬಂತು ಕಣ್ರೀ. ಸ್ವೀಟ್ ತಗೊಳ್ಳಿ," ಎಂದರು ಅವರು.

ಸಂಜೆ ವಿಜಯನಗರದಲ್ಲಿ ಬಸ್ಸಿಳಿದರೆ ಹೊಸ ಫ್ಲೆಕ್ಸ್ ಎದ್ದಿತ್ತು. ಆಳೆತ್ತರದ ಕಾಂತರಾಜು, ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಮರೇಶ. ಬೀಜದ ಸುದ್ದಿ ಎಲ್ಲೂ ಇರಲಿಲ್ಲ. ಗೇಟಿನಲ್ಲಿ ಗಂಗಲಕ್ಷ್ಮಮ್ಮ ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಂದರು.

"ಹೆದರ್ಕೋಬೇಡಿ ಮೇಷ್ಟ್ರೇ, ಸಾಯೋವರ್ಗೂ ಯಾರ್ಗೂ ಹೇಳಲ್ಲ."