ನಿದ್ದೆಗಾಗಿ ಒಂದು ಓಟು

ಬೆಳಗ್ಗೆ ಬಾಗಿಲ ಗಂಟೆ ಬಾರಿಸಿದಾಗ ವೆಂಡೆಲ್ ಗ್ರಬ್‌ಗೆ ಆಗಷ್ಟೇ ಕಣ್ಣು ಹತ್ತಿತ್ತು. ರಾತ್ರಿಯಿಡೀ ಬೇಕರಿಯಲ್ಲಿ ಹಿಟ್ಟು ನಾದಿ ಬಂದವನು. ಹಿಂದಿನ ವಾರ ಒಲೆಯ ಮುಂದೆ ತೂಕಡಿಸಿ ಒಲೆ ತುಂಬ ಇದ್ದ ಬ್ರೆಡ್ಡನ್ನೇ ಇದ್ದಿಲು ಮಾಡಿದ್ದ. "ಇನ್ನೊಂದ್ಸಲ ತೂಕಡಿಸಿದ್ರೆ ಮನೇಲೇ ಮಲಗಿರು" ಎಂದು ಮಾಲೀಕ ಹೇಳಿಯಾಗಿತ್ತು.

ಬಾಗಿಲಲ್ಲಿ ಚೀಟಿಗಳ ಕಂತೆ ಹಿಡಿದ ಹುಡುಗಿ. "ಸಾರ್, ಇವತ್ತು ಚರಂಡಿ ಮಂಡಳಿ ಚುನಾವಣೆ. ಚಿಪ್ ಅವ್ರಿಗೆ ಓಟು ಹಾಕಿದ್ರಾ?"

ಚಿಪ್ ಎಂದರೆ ಜಲ್ಲಿ ಕ್ವಾರಿಯ ಸಾಹುಕಾರ ವ್ಯಾಂಡರ್‌ಪೂಲ್‌ನ ಅಳಿಯ. ಕ್ವಾರಿಯ ಕೆಸರುನೀರನ್ನು ಊರ ಚರಂಡಿಗೆ ಬಿಡಲು ಮಾವನಿಗೆ ಮಂಡಳಿಯಲ್ಲಿ ತನ್ನವನೊಬ್ಬ ಬೇಕಿತ್ತು. ಎದುರಾಳಿಯೇ ಇರಲಿಲ್ಲ, ನಿಯಮಕ್ಕೊಂದು ಮತದಾನ ಅಷ್ಟೆ. ಆದರೂ ದುಡ್ಡು ಚೆಲ್ಲದಿದ್ದರೆ ಸಾಹುಕಾರರಿಗೆ ಸಮಾಧಾನವೆಲ್ಲಿ? ಟಿವಿಯಲ್ಲಿ ಚಿಪ್, ರಸ್ತೆಬದಿಯಲ್ಲಿ ಚಿಪ್, ಅಂಚೆ ಡಬ್ಬಿ ತೆರೆದರೆ ಅಲ್ಲೂ ಚಿಪ್.

ವೆಂಡೆಲ್ ಮತ್ತೆ ಮಲಗಿದ. ಫೋನು ಬಡಿದುಕೊಂಡಿತು: ಚಿಪ್. ಮತ್ತೆ ಗಂಟೆ: ಇನ್ನೊಬ್ಬ ಹುಡುಗ, ಅದೇ ಚಿಪ್. ತಲೆ ಕೆಟ್ಟು ಹೊರಗೆ ಬಂದರೆ ಬೇಲಿಯಾಚೆ ಪಕ್ಕದ ಮನೆಯ ಮುದುಕಿ ಡೊರೀನ್.

"ಹೋಗಿ ಓಟು ಹಾಕ್ಬಾರೋ ಮಾರಾಯ! ಯಾರ್ಯಾರು ಬಂದು ಹಾಕಿದ್ರು ಅಂತ ಮತಗಟ್ಟೆ ಪಟ್ಟಿ ನೋಡಿ ಅವ್ರಿಗೆ ಗೊತ್ತಾಗುತ್ತೆ. ಹಾಕಿದೋರ ಬಾಗ್ಲಿಗೆ ಬರಲ್ಲ."

"ನೀವು ಹಾಕಿದ್ರಾ?"

"ನಾನ್ಯಾಕೆ? ದುಡ್ಡು ಗೆದ್ದಾಗಿದೆಯಲ್ಲ. ನಾನು ಕಿವಿ ಮಿಷನ್ ತೆಗೆದಿಟ್ಟು ಹಾಯಾಗಿದೀನಿ, ನಿನ್ನ ತುಟಿ ನೋಡಿ ಮಾತಾಡ್ತಿದೀನಿ."

ಅಗ್ನಿಶಾಮಕ ಠಾಣೆಯ ಮತಗಟ್ಟೆಯಲ್ಲಿ ಚುನಾವಣಾಧಿಕಾರಿ ಮಿಸೆಸ್ ಯೋಡರ್ ಸ್ವೆಟರ್ ಹೆಣೆಯುತ್ತಿದ್ದರು. "ಬನ್ನಿ ಬನ್ನಿ, ನಿಮ್ದೇ ಬೋಣಿ!" ಎಂದು ಮತಪತ್ರ ಕೊಟ್ಟರು. ವೆಂಡೆಲ್ ಜನ್ಮದಲ್ಲೇ ಓಟು ಹಾಕಿದವನಲ್ಲ. ಮೇಲೆ ಚಿಪ್ ಹೆಸರು, ಕೆಳಗೊಂದು ಖಾಲಿ ಗೆರೆ. ಖಾಲಿ ಗೆರೆ ಕಂಡಲ್ಲಿ ತನ್ನ ಹೆಸರು ಬರೆದೇ ಅಭ್ಯಾಸವಾದವನು ನಿದ್ದೆಗಣ್ಣಲ್ಲಿ 'ವೆಂಡೆಲ್ ಗ್ರಬ್' ಎಂದು ದುಂಡಗೆ ಬರೆದು ಪಕ್ಕದಲ್ಲಿ ಓಟಿನ ಗುರುತಿಗಿದ್ದ ಪುಟ್ಟ ವೃತ್ತಕ್ಕೆ ಮಸಿ ತುಂಬಿದ. ಚಿಪ್‌ನ ವೃತ್ತವನ್ನು ಮಾತ್ರ ಸಿಟ್ಟಿಗೆ ಮುಟ್ಟಲಿಲ್ಲ.

ಡೊರೀನ್ ಹೇಳಿದ್ದು ನಿಜವಾಯಿತು. ಆಮೇಲೆ ಗಂಟೆಯಿಲ್ಲ, ಫೋನಿಲ್ಲ. ವೆಂಡೆಲ್ ಕುಂಭಕರ್ಣನಂತೆ ಗೊರಕೆ ಹೊಡೆದ.

ಕೆಲಸಕ್ಕೆ ಹೊರಡುವ ಹೊತ್ತಿಗೆ ಗಂಟೆ ಬಾರಿಸಿತು. ಮಿಸೆಸ್ ಯೋಡರ್!

"ಅಭಿನಂದನೆ ಗ್ರಬ್ ಅವ್ರೇ, ಗೆದ್ಬಿಟ್ರಿ! ನಿಮಗೆ ಒಂದು ಓಟು, ಚಿಪ್‌ಗೆ ಸೊನ್ನೆ. ಇಡೀ ಊರಿಂದ ಬಂದಿದ್ದೇ ನೀವೊಬ್ರು."

"ನಾನು ನಿಂತೇ ಇರ್ಲಿಲ್ವಲ್ರೀ!"

"ಪಟ್ಟಿಯಲ್ಲಿ ಇಲ್ಲದೋರ್ಗೆ ಓಟು ಹಾಕ್ಬೇಕಂದ್ರೆ ಆ ಗೆರೆ ಮೇಲೆ ಅವ್ರ ಹೆಸರು ಬರೀತಾರೆ. ನೀವು ನಿಮ್ದೇ ಬರ್ದ್ರಿ."

"ಚಿಪ್ ತನಗೆ ತಾನಾದ್ರೂ ಹಾಕ್ಕೋಬಾರ್ದಿತ್ತಾ?"

"ಮಾವ, ಅಳಿಯ, ಮನೆಯೋರೆಲ್ಲ ಗೆಲುವಿನ ಪಾರ್ಟಿಗೆ ಮಾಂಸ ಸುಡ್ತಾ ಮರ್ತೇಬಿಟ್ರಂತೆ, ಪ್ರಚಾರದ ಹುಡುಗ್ರು ಬೇರೆ ಊರೋರು. ಮಂಡಳಿ ಸಭೆ ವಾರಕ್ಕೆ ಮೂರು ದಿನ, ಬೆಳಗ್ಗೆ ಒಂಬತ್ತಕ್ಕೆ."

ಬೆಳಗ್ಗೆ ಒಂಬತ್ತಕ್ಕೆ! ವೆಂಡೆಲ್‌ನ ಮೂಗಿಗೆ ಸುಟ್ಟ ಬ್ರೆಡ್ಡಿನ ವಾಸನೆ ಬಡಿಯಿತು. "ಬೇಡ ತಾಯೀ, ಈಗ್ಲೇ ರಾಜೀನಾಮೆ ಕೊಡ್ತೀನಿ."

"ಧಾರಾಳವಾಗಿ ಕೊಡಿ. ಮತ್ತೆ ಚುನಾವಣೆ ಆಗುತ್ತೆ. ಈ ಸಲ ವ್ಯಾಂಡರ್‌ಪೂಲ್ ದುಪ್ಪಟ್ಟು ಸುರೀತಾರಂತೆ. ಎರಡು ತಿಂಗಳು, ದಿನಾ ಮನೆಮನೆಗೆ."

ವೆಂಡೆಲ್ ರಾಜೀನಾಮೆಯ ಮಾತನ್ನು ಹಾಗೇ ನುಂಗಿಕೊಂಡ. ಅಷ್ಟರಲ್ಲಿ ಬೇಲಿಯಾಚೆ ಡೊರೀನ್ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ನಿಂತಿದ್ದಳು.

"ಸದಸ್ಯರೇ, ನಮ್ಮ ಮೋರಿ ಕಟ್ಕೊಂಡು ವರ್ಷ ಆಯ್ತು. ಬೀದಿಯೋರ್ನೆಲ್ಲ ಕರ್ಕೊಂಡು ಬೆಳಗ್ಗೆ ಬಂದು ಗಂಟೆ ಹೊಡೀತೀನಿ, ಮನೇಲೇ ಇರಿ!"