ಬಾವಿಯಲ್ಲಿ ಮೀನು, ಹಿತ್ತಲಲ್ಲಿ ಚಿಗರಿ

ಎತ್ತು ಸಾಕಿದವನಿಗೆ ಮೀನು ಸಾಕುವುದು ಯಾವ ಲೆಕ್ಕ? ನಿಜಾಮರ ಕಾಲದಲ್ಲಿ, ಮೈಯಲ್ಲಿ ಇನ್ನೂ ಬಿಸಿ ಇದ್ದಾಗ, ನಾನು ಹೀಗೆಯೇ ತಿಳಿದಿದ್ದೆ. ವಿಭೂತಿ ಹಚ್ಚದೆ ನೀರೂ ಕುಡಿಯದ ನಮ್ಮ ಮನೆಯಲ್ಲಿ ಯಾರೂ ಮೀನು ತಿಂದವರಲ್ಲ, ಮುಟ್ಟಿದವರೂ ಅಲ್ಲ. ಅದೊಂದು ಕೊರತೆ ಎಂದು ನನಗೆ ಅನ್ನಿಸಲೇ ಇಲ್ಲ.

ಸಿಂಧನೂರಿಗೆ ಹೈದರಾಬಾದಿನಿಂದ ಹೊಸ ತಹಶೀಲ್ದಾರ ಸಾಹೇಬರು ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ನಮ್ಮ ಎರೆನಾಡು ಅವರ ನಾಲಿಗೆಗೆ ಒಗ್ಗಿರಲಿಲ್ಲ. ಮೀನು ಸಿಗುವುದಿಲ್ಲ, ಇಲ್ಲಿನ ಜಿಂಕೆ ಚಿಗರಿಯ ಬೇಟೆಗೆ ಹೋಗೋಣವೆಂದರೆ ಮೊಣಕಾಲು ನೋವು ಎಂದು ಕಚೇರಿಯಲ್ಲಿ ಒಮ್ಮೆ ನಿಟ್ಟುಸಿರು ಬಿಟ್ಟರು. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಆಗ ನಮ್ಮಂಥ ಒಕ್ಕಲುತನದವರು ಕಚೇರಿಯಲ್ಲಿ ನಿಂತೇ ಇರಬೇಕು, ಕುರ್ಚಿ ದೊಡ್ಡವರಿಗೆ ಮಾತ್ರ. ಸಾಯುವುದರೊಳಗೆ ಒಮ್ಮೆಯಾದರೂ ಆ ಕುರ್ಚಿಯಲ್ಲಿ ಕೂರಬೇಕೆಂಬ ಆಸೆ ನನಗೆ.

"ಬರೋ ವರ್ಷ ನಮ್ಮ ವಳಕಮದಿನ್ನಿಗೆ ಊಟಕ್ಕ ಬರ್ರಿ ಸಾಹೇಬ್ರ. ನಮ್ಮ ಬಾವಿ ಮೀನ, ನಮ್ಮ ಹಿತ್ತಲದ ಚಿಗರಿ, ಎರಡೂ ತಯಾರ ಇರ್ತಾವ" ಎಂದುಬಿಟ್ಟೆ.

ಆಗ ನನ್ನ ಬಾವಿಯಲ್ಲಿ ಇದ್ದದ್ದು ಕಪ್ಪೆ. ಹಿತ್ತಲಲ್ಲಿ ಇದ್ದದ್ದು ಬಣವೆ!

ತುಂಗಭದ್ರೆಯ ದಂಡೆಯಿಂದ ಬೆಸ್ತರ ಭೀಮಪ್ಪ ಕೊಡಗಳಲ್ಲಿ ಮೀನಿನ ಮರಿ ತಂದ. ಯಾವ ಜಾತಿಯವು ಬೇಕು ಎಂದು ಕೇಳಿದ. ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವವನ ಧಾಟಿಯಲ್ಲಿ, ಎಲ್ಲಾ ತರದ್ದೂ ಒಂದಿಷ್ಟು ಹಾಕು ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ಕೇಳುವ ವ್ಯವಧಾನ ನನಗಿರಲಿಲ್ಲ. ಹೊಲದ ಬಾವಿಗೆ ಎಲ್ಲವನ್ನೂ ಸುರಿಸಿ, ದಿನಾ ಶೇಂಗಾ ಹಿಂಡಿ, ಜೋಳದ ನುಚ್ಚು ಹಾಕಿದೆ. ನಮ್ಮ ಕೈಯ ಕೂಳು ತಿಂದವರು ನಮ್ಮ ಹಾಗೆಯೇ ಇರುತ್ತಾರೆ ಎಂಬುದು ನನ್ನ ನಂಬಿಕೆ. ಮೀನು ಮೀನನ್ನೇ ತಿನ್ನುತ್ತದೆ ಎಂಬ ಸಂಗತಿಯನ್ನು ನಮ್ಮಂಥ ಮನೆಯಲ್ಲಿ ಯಾರು ಹೇಳಿಕೊಟ್ಟಾರು?

ಚಿಗರಿ ಮರಿ ಸಿಕ್ಕಿದ್ದು ಜೋಳದ ಕೊಯ್ಲಿನಲ್ಲಿ. ಹಿಂಡು ಬೆದರಿ ಓಡಿದಾಗ ಕೂಳೆಯ ನಡುವೆ ಒಂದೇ ಉಳಿದಿತ್ತು. ನನ್ನ ಹೆಂಡತಿ ನೀಲಮ್ಮ ಬಟ್ಟೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಕುಡಿಸಿ ಬದುಕಿಸಿದಳು. ಬೆಳೆದಂತೆ ನಾನು ಹಿತ್ತಲಿನ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿಸಿದೆ. ಚಿಗರಿ ಅದನ್ನು ಹಾರಿ ಹೋಗಿ, ಹಾರಿ ಬರುತ್ತಿತ್ತು. ಮುಳ್ಳು ಚುಚ್ಚಿಸಿಕೊಂಡವನು ನಾನೊಬ್ಬನೇ. ಎಲ್ಲಿಗೆ ಹೋದರೂ ಸಂಜೆ ನೀಲಮ್ಮನ ದನಿ ಕೇಳಿದರೆ ಬಂದು ಅವಳ ಸೆರಗು ಜಗ್ಗುತ್ತಿತ್ತು. ಸಾಹೇಬರು ಅದನ್ನು ನೋಡಲು ಬರುತ್ತಾರೆ ಎಂದಷ್ಟೇ ಅವಳಿಗೆ ಹೇಳಿದ್ದೆ. ಸುಳ್ಳೇನಲ್ಲ. ತಿನ್ನುವ ಮೊದಲು ನೋಡಲೇಬೇಕಲ್ಲ!

ಆ ದಿನ ಬಂತು. ಸಾಹೇಬರು ಬಾವಿಯ ದಂಡೆಯಲ್ಲಿ ನಿಂತರು, ಭೀಮಪ್ಪ ಬಲೆ ಇಳಿಸಿದ. ಮೊದಲ ಸಲ ಬಂದದ್ದು ಬರೀ ಪಾಚಿ. ಎರಡನೆಯ ಸಲ ತೋಳಿನಷ್ಟು ದಪ್ಪದ ಕರಿಯ ಕೊರಮೀನೊಂದು ಬಂತು. ಉಳಿದ ಎಲ್ಲ ಜಾತಿಯನ್ನೂ ಇದೇ ನುಂಗಿದೆ ಎಂದು ಭೀಮಪ್ಪ ವಿವರಿಸುತ್ತಿರುವಾಗಲೇ ಅದು ಬಲೆಯಿಂದ ಚಿಮ್ಮಿ, ಸಾಹೇಬರ ಶೇರವಾನಿಗೆ ಕೆಸರು ಸಿಡಿಸಿ, ಮತ್ತೆ ನೀರಿಗೆ ಬಿತ್ತು. ನನ್ನ ಮಾನವೂ ಅದರ ಜೊತೆಗೇ ಮುಳುಗಿತು. ಇನ್ನು ಅದನ್ನು ಎತ್ತಬೇಕಾದದ್ದು ಚಿಗರಿ ಒಂದೇ.

ಎಲ್ಲರೂ ಮನೆಗೆ ಬಂದೆವು. ಸಾಹೇಬರ ಜೊತೆ ಬಂದಿದ್ದ ಅಡುಗೆಯವ, ಬಾವರ್ಚಿ, ಹಿತ್ತಲ ಕಲ್ಲಿನ ಮೇಲೆ ಚೂರಿ ಮಸೆಯತೊಡಗಿದ. ನೀಲಮ್ಮ ಆ ಸದ್ದು ಕೇಳಿದಳು, ನನ್ನ ಮುಖ ನೋಡಿದಳು. ವಿವರಿಸುವ ಕಷ್ಟವನ್ನೇ ಅವಳು ನನಗೆ ಕೊಡಲಿಲ್ಲ.

"ಹಾಲ ಕುಡಿಸಿದ ಕೈಲೆ ಹಿಡದ ಕೊಡಂತೀರೇನ್ರೀ?" ಎಂದಳು, ಮೆಲ್ಲಗೆ.

ನನಗೆ ನಾಚಿಕೆಯಾಯಿತು. ಆದರೂ ಬಾವರ್ಚಿಯನ್ನು ತಡೆಯಲಿಲ್ಲ, ಕುರ್ಚಿಯ ಆಸೆ ಅಂಥದ್ದು. ಅವಳು ದೇವರ ಮನೆಗೆ ಹೋಗಿ ವಿಭೂತಿ ತಂದು ಚಿಗರಿಯ ಹಣೆಗೆ ಬಳಿದಳು. ಆಕಳ ಕೊರಳ ಗಂಟೆ ಬಿಚ್ಚಿ ಅದಕ್ಕೆ ಕಟ್ಟಿದಳು. ಬಾವರ್ಚಿಗೆ ಅಡ್ಡ ನಿಂತು, ಇದನ್ನು ದೇವರಿಗೆ ಬಿಟ್ಟಿದ್ದೇನೆ ಎಂದು ಊರಿಗೇ ಕೇಳುವಂತೆ ಹೇಳಿದಳು. ದೇವರಿಗೆ ಬಿಟ್ಟ ಗೂಳಿಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ದೇವರಿಗೆ ಬಿಟ್ಟ ಚಿಗರಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಬಾವರ್ಚಿ ಚೂರಿ ಹಿಡಿದು ಸಾಹೇಬರ ಕಡೆ ನೋಡಿದ.

ಸಾಹೇಬರು ನೀಲಮ್ಮನ ಕಡೆ ನೋಡಿದರು. ಚಿಗರಿ ಅವಳ ಬೆನ್ನ ಹಿಂದೆ ಅಡಗಿ ಸೆರಗು ಅಗಿಯುತ್ತಿತ್ತು. ಆಗ ನನಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಅವರು ಬೇಡ ಅನ್ನಲಿ ಎಂಬುದೇ ಎಂದು ನನಗೇ ಗೊತ್ತಾಗಿ ಆಶ್ಚರ್ಯವಾಯಿತು.

"ಅಮ್ಮಾ, ಇದು ದೇವರ ಅಮಾನತ. ಅವನ ಸೊತ್ತು, ನಾವು ಮುಟ್ಟಬಾರದು" ಎಂದರು ಸಾಹೇಬರು. ಚೂರಿ ಒಳಗಿಡಲು ಬಾವರ್ಚಿಗೆ ಸನ್ನೆ ಮಾಡಿ, ಪಡಸಾಲೆಯಲ್ಲಿ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ತಿಂದರು. ಎರಡನೆಯ ರೊಟ್ಟಿಯನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡರು. ನಾನು ನಿಂತೇ ಬಡಿಸಿದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತನಗೆ ಸಿಕ್ಕ ಪದವಿ ಎಂಥದ್ದೆಂದು ಚಿಗರಿಗೆ ಬಹುಬೇಗ ತಿಳಿಯಿತು. ಹಿಂಗಾರಿ ಬಂದಾಗ ಗಂಟೆ ಅಲ್ಲಾಡಿಸುತ್ತ ಒಂದೊಂದು ದಿನ ಒಬ್ಬೊಬ್ಬರ ಕಡಲೆ ಹೊಲಕ್ಕೆ ದಯಮಾಡಿಸತೊಡಗಿತು. ದೇವರಿಗೆ ಬಿಟ್ಟದ್ದನ್ನು ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಬಾಯಿಮಾತಿಗೂ ಬೈಯುವಂತಿಲ್ಲ. ಜನರೋ ಭಯಭಕ್ತಿಯುಳ್ಳವರು. ಅದಕ್ಕೆ ಕೈಮುಗಿದು ದಾರಿ ಬಿಟ್ಟು, ನೇರ ನಮ್ಮ ಕಟ್ಟೆಗೆ ಬಂದು ನನ್ನನ್ನು ಬೈದು ಹೋಗುತ್ತಿದ್ದರು.